ಬೈದ ನಾಲಿಗೆ

ಪಂದ್ಯ ಗೆದ್ದ ಮಾರನೆಯ ಬೆಳಿಗ್ಗೆ ನಮ್ಮ ಕೇರಿಯಲ್ಲಿ ಯಾರೂ ಸಾರಿಗೆ ತಾವಾಗಿ ಉಪ್ಪು ಹಾಕುವ ಧೈರ್ಯ ಮಾಡುವುದಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ಮನೆಯಾಕೆ ಸೌಟು ಹಿಡಿದು ಬಾಗಿಲಲ್ಲಿ ನಿಂತು ಸೋತ ಕೇರಿಯವರು ಯಾರಾದರೂ ಈ ದಾರಿಯಲ್ಲಿ ಬರುತ್ತಾರೇನೋ ಎಂದು ಕಾಯುತ್ತಿರುತ್ತಾಳೆ. ಹಾಲಿನವನೋ ಹೂವಿನವಳೋ ಸಿಕ್ಕರೆ ಸಾಕು, "ಒಂಚೂರು ಉಪ್ಪು ನೋಡಿ ಹೋಗ್ರಪ್ಪ" ಎಂದು ಅಂಗೈ ಮೇಲೆ ನಾಲ್ಕು ತೊಟ್ಟು ಬಿಡುತ್ತಾಳೆ. ಅವರು ನೆಕ್ಕಿ ನೋಡಿ ಹೇಳುತ್ತಾರೆ. ಹಿಂದಿನ ದಿನವಷ್ಟೇ ಸೋತವರು, ಗೆದ್ದವರ ಮೇಲೆ ಸಿಟ್ಟು ಇದ್ದೇ ಇರುತ್ತದೆ. ಆದರೂ ಉಪ್ಪಿನ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದನ್ನು ನನ್ನ ಇಷ್ಟು ವಯಸ್ಸಿನಲ್ಲಿ ನಾನು ಕಂಡಿಲ್ಲ.

ಗೆದ್ದ ಕಡೆಯವರ ನಾಲಿಗೆಯ ರುಚಿ ಅಂದು ಸಂಜೆಗೇ ಹೋಗಿಬಿಡುತ್ತದೆ. ಗೆದ್ದ ಖುಷಿಗೆ ಹಂಚಿದ ಜಿಲೇಬಿಯನ್ನು ಬಾಯಿಗೆ ಹಾಕಿಕೊಂಡರೆ ಹಸಿ ಮಣ್ಣು ಅಗಿದ ಹಾಗಿರುತ್ತದೆ. ಎದುರು ತಂಡದಲ್ಲಿ ಯಾರನ್ನು ಹೆಚ್ಚು ಬೈದಿದ್ದೆವೋ ಅವಳು ಹಿಡಿದ ಕೆಲಸಕ್ಕೆ ನಮ್ಮ ಕೈಯಾರೆ ಏನಾದರೂ ಕೊಡಬೇಕು, ಬೈದ ಮಾತನ್ನು ಅವಳ ಎದುರಿಗೇ ಇದ್ದದ್ದು ಇದ್ದ ಹಾಗೆ ಒಪ್ಪಿಸಬೇಕು. ಆಮೇಲೆಯೇ ರುಚಿ ಮರಳುವುದು. ಸೋತವರಿಗೆ ಈ ಕಾಟವಿಲ್ಲ, ಅವರು ಎಷ್ಟು ಬೈದರೂ ಮಾಫಿ.

ಹಿಡಿದ ಕೆಲಸ ಎಂದರೆ ಇಷ್ಟೇ. ನಮ್ಮೂರಲ್ಲಿ ಇರುವುದು ಎರಡೇ ತಂಡ, ಬಂಡೆಕೇರಿಯದೊಂದು, ಹೊಳೆಕೇರಿಯದೊಂದು. ಎರಡೂ ಹೆಣ್ಣುಮಕ್ಕಳ ಖೋ ಖೋ ತಂಡಗಳು. ಗಂಡಸರೂ ಏನೇನೋ ಆಡುತ್ತಾರೆ, ಅದನ್ನು ನೋಡಲು ಅವರವರ ಹೆಂಡಿರೂ ಹೋಗುವುದಿಲ್ಲ. ತಂಡದ ಅಂಗಿ ತೊಡುವ ದಿನ ಪ್ರತಿ ಹುಡುಗಿಯೂ ಊರಿಗೆ ಬೇಕಾದ ಒಂದು ಕೆಲಸ ಹಿಡಿದು ಅದನ್ನು ನಡೆಸಿಕೊಂಡು ಹೋಗಬೇಕು. ಹೊಳೆಕೇರಿಯ ಒಬ್ಬಳು ಗೇಯಲಾರದ ಮುದಿ ಎತ್ತುಗಳಿಗೆ ಕೊಟ್ಟಿಗೆ ಹಾಕಿಸಿದ್ದಾಳೆ. ಒಬ್ಬಳು ಕಣ್ಣು ಮಂಜಾದ ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿ ದಿನವೂ ಪೇಪರ್ ಓದಿ ಹೇಳುತ್ತಾಳೆ. ಹೊಳೆಕೇರಿಯ ಸುಲೋಚನ ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿನ ಮಡಕೆ ಇಡಿಸುತ್ತಾಳೆ. ಅವಳನ್ನು ಬೈದರೆ ಒಂದು ಮಡಕೆ ಕೊಟ್ಟು ಕೈ ತೊಳೆದುಕೊಳ್ಳಬಹುದಲ್ಲ ಎಂದು ನಮ್ಮ ಕೇರಿಯ ಜಾಣರೆಲ್ಲ ಪಂದ್ಯದ ಹೊತ್ತು ಪಾಪ ಅವಳೊಬ್ಬಳನ್ನೇ ಬೈಯುತ್ತಿದ್ದ ಕಾಲವೊಂದಿತ್ತು. ಅವಳು ಕೂತರೂ ಬೈಗುಳ, ಎದ್ದರೂ ಬೈಗುಳ. ಶ್ಯಾಮರಾಯ ಮೇಷ್ಟ್ರು ಒಂದು ಸಲ ಪಂದ್ಯ ಮುಗಿಯುವ ತನಕ ಸುಲೋಚನಳ ಹೆಸರನ್ನೇ ಜಪ ಮಾಡಿ, ಗೆದ್ದ ಮೇಲೆ ಮಡಕೆ ಹೊತ್ತು ಹೋಗಿ ಒಪ್ಪಿಸಿ ಬಂದು ಕಾಫಿ ಕುಡಿದರೆ, ಕಾಫಿ ಬೂದಿ ಕದಡಿದ ನೀರಿನ ಹಾಗಿತ್ತಂತೆ. ಬಾಯಿ ಒಬ್ಬಳ ಹೆಸರು ಹೇಳುವಾಗ ಮನಸ್ಸು ಯಾರನ್ನು ಬೈಯುತ್ತಿತ್ತು ಎಂದು ಮೇಷ್ಟ್ರು ಕೂತು ಯೋಚಿಸಿ, ಕಡೆಗೆ ಹದಿನೈದು ದಿನ ಮುದಿ ಎತ್ತುಗಳಿಗೆ ಹುಲ್ಲು ಹೊತ್ತರು. ಅಲ್ಲಿಗೆ ಆ ಜಾಣತನ ಊರಲ್ಲಿ ನಿಂತುಹೋಯಿತು.

ನನ್ನ ಹೆಸರು ಪದ್ದಮ್ಮ. ಆಟದ ಬಯಲಿನ ಎದುರಿಗಿರುವ ಹೋಟೆಲು ನನ್ನದೇ, ಹಿಂಭಾಗವೇ ಮನೆ. ನನ್ನ ಬಾಯಿ ಸ್ವಲ್ಪ ಜೋರು. ಸ್ವಲ್ಪ ಎನ್ನುವುದು ನನ್ನ ಮಾತು. ನಮ್ಮ ಯಜಮಾನರು ಮರಿಸ್ವಾಮಿಯವರನ್ನು ಕೇಳಿದರೆ ಎದ್ದು ಹೋಗಿ ಸೌದೆ ಒಟ್ಟುತ್ತಾರೆ. ಬಂಡೆಕೇರಿಯ ತಂಡ ಆಡಿದ ಯಾವ ಪಂದ್ಯವನ್ನೂ ನಾನು ತಪ್ಪಿಸುತ್ತಿರಲಿಲ್ಲ. ಅದಕ್ಕೆ ಕಾರಣ ನನ್ನ ಮಗಳು ವಾರಿಜ. ಅವಳು ಬಂಡೆಕೇರಿಯ ತಂಡದಲ್ಲಿ ಆರು ವರ್ಷ ಆಡಿದಳು. ಕಂಬ ಹಿಡಿದು ತಿರುಗಿದಳೆಂದರೆ ಬೆನ್ನಟ್ಟಿದವರು ಎತ್ತಲೋ ಹೋಗಿ ಬೀಳುತ್ತಿದ್ದರು.

ಆ ಆರನೆಯ ವರ್ಷದ ಪಂದ್ಯದಲ್ಲಿ ಹೊಳೆಕೇರಿಯ ರುದ್ರಾಣಿ ಎಂಬವಳು ಅವಳನ್ನು ಬೆನ್ನಟ್ಟಿ ಬಂದು, ಕಂಬದ ಹತ್ತಿರ ಹಾರಿ ಬೆನ್ನು ಮುಟ್ಟಿದಳು. ವಾರಿಜ ಕಂಬಕ್ಕೆ ಬಡಿದುಕೊಂಡು ಬಿದ್ದಳು. ಮಂಡಿ ಚೂರಾಯಿತು. ಮಂಡಿ ಕೂಡಿತು, ನಡೆದಾಡಿದಳು, ಮದುವೆಯೂ ಆಯಿತು, ಆದರೆ ಆಟ ಮುಗಿಯಿತು. ರುದ್ರಾಣಿ ಆಸ್ಪತ್ರೆಗೆ ಎರಡು ಸಲ ಬಂದಿದ್ದಳು. ಎರಡು ಸಲವೂ ನಾನೇ ಬಾಗಿಲಲ್ಲಿ ನಿಂತು ವಾಪಸು ಕಳಿಸಿದೆ. ಆಮೇಲೆ ನಾಲ್ಕು ವರ್ಷ ನಮ್ಮ ತಂಡ ಸೋಲುತ್ತಲೇ ಬಂತು. ನಾಲ್ಕು ವರ್ಷವೂ ನಾನು ರುದ್ರಾಣಿಯನ್ನು ಮನಸ್ಸಿಗೆ ಬಂದ ಹಾಗೆ ಬೈದೆ. ಸೋತವರಿಗೆ ಮಾಫಿ ಎಂದೆನಲ್ಲ, ಆ ಮಾಫಿಯನ್ನು ನಾನು ಚೆನ್ನಾಗಿಯೇ ಬಳಸಿಕೊಂಡೆ.

ಐದನೆಯ ವರ್ಷ ಪಂದ್ಯ ಇನ್ನೂ ಮೂರು ವಾರ ಇರುವಾಗ ವಾರಿಜ ತವರಿಗೆ ಬಂದಳು. ಮೂರು ತಿಂಗಳಾಗಿತ್ತು. ಬಸುರಿಯರಿಗೆ ವಾಂತಿಯಾಗುವುದು ಹೊಸದಲ್ಲ, ಆದರೆ ಇವಳದು ಬೇರೆಯೇ ಆಗಿತ್ತು. ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಕೆನ್ನೆ ಒಳಗೆ ಹೋಗಿ, ಕೈಬಳೆಗಳು ಮೊಣಕೈಗೆ ಜಾರುತ್ತಿದ್ದವು. ಗಂಡನ ಮನೆಯವರು ಒಳ್ಳೆಯವರು, ಮಾಡದ ಅಡುಗೆಯಿಲ್ಲ. ಕಡೆಗೆ ಇವಳು "ಅಮ್ಮನ ಹುಣಸೆ ಗೊಜ್ಜು" ಎಂದಿದ್ದಕ್ಕೆ ಕರೆತಂದು ಬಿಟ್ಟರು. ನಾನು ಮಾಡಿ ಬಿಸಿ ಅನ್ನಕ್ಕೆ ಕಲಸಿ ಕೊಟ್ಟೆ. ನಾಲ್ಕು ತುತ್ತು ತಿಂದು ಸುಮ್ಮನೆ ಕೂತಳು. ನಾವು ಗಂಡ ಹೆಂಡತಿ ಗಡಿಯಾರ ನೋಡಿದೆವು. ವಾಂತಿಯಾಗಲಿಲ್ಲ.

ಅಂದಿನಿಂದ ಎರಡು ಹೊತ್ತೂ ಅದೇ. ಆ ಗೊಜ್ಜನ್ನು ಬರೆದಿಡಿ ಎಂದು ಎಷ್ಟೋ ಜನ ಕೇಳಿದ್ದಾರೆ. ಏನು ಬರೆಯಲಿ? ಹಳೆ ಹುಣಸೆಹಣ್ಣು, ಬೆಲ್ಲ, ಪುಡಿ, ಒಗ್ಗರಣೆ. ಎಲ್ಲರ ಮನೆಯಲ್ಲೂ ಅದೇ ಸಾಮಾನು. ಹುಳಿ ಯಾವಾಗ ಬೆಲ್ಲಕ್ಕೆ ಸೋಲುತ್ತದೆ, ಉಪ್ಪು ಯಾವಾಗ ಎರಡನ್ನೂ ಹಿಡಿದು ನಿಲ್ಲಿಸುತ್ತದೆ ಎನ್ನುವುದು ನಾಲಿಗೆಗೆ ಮಾತ್ರ ಗೊತ್ತು. ನಾನು ಅಳತೆ ಇಟ್ಟು ಅಡುಗೆ ಮಾಡಿದವಳೇ ಅಲ್ಲ. ಲೇಡಿ ಡಾಕ್ಟರು ತೂಕ ನೋಡಿ, "ಇದನ್ನೇ ಕೊಡಿ, ನಿಲ್ಲಿಸಬೇಡಿ" ಎಂದರು.

ಹಾಗಿದ್ದಮೇಲೆ ಪಂದ್ಯಕ್ಕೆ ಹೋಗದೆ ಇರಬೇಕಿತ್ತು. ಹೋದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಮ್ಮ ಯಜಮಾನರು ಎಂದೂ ಮಾತಾಡದವರು ಅಂದು ಚಪ್ಪಲಿ ಮೆಟ್ಟುವಾಗ, "ಈ ಸಲ ಗೆದ್ದರೂ ಗೆಲ್ತಾರೆ ಕಣೆ, ನೋಡ್ಕೊ" ಎಂದರು. "ನಾಲ್ಕು ವರ್ಷದಿಂದ ಗೆಲ್ಲದೋರು ಇವತ್ತು ಗೆಲ್ತಾರಾ? ಸುಮ್ನೆ ಬನ್ನಿ" ಎಂದೆ.

ಕೊನೆಯ ಪಾಳಿಯಲ್ಲಿ ನಮ್ಮವರು ಬೆನ್ನಟ್ಟುತ್ತಿದ್ದರು. ಎರಡೂ ಕಡೆ ಅಂಕ ಸರಿಸಮ. ಅವರ ಕಡೆ ಉಳಿದಿದ್ದವಳು ರುದ್ರಾಣಿ ಒಬ್ಬಳೇ. ಅವಳನ್ನು ಮುಟ್ಟಿದರೆ ಗೆಲುವು ನಮ್ಮದು. ಹೊತ್ತು ಮುಗಿಯುವ ತನಕ ತಪ್ಪಿಸಿಕೊಂಡರೆ ಪಂದ್ಯ ಸಮ, ಸಮವಾದರೆ ಹಿಂದಿನ ಸಲ ಗೆದ್ದ ಹೊಳೆಕೇರಿಗೇ ಬಹುಮಾನದ ಬಟ್ಟಲು. ಅವಳು ನಮ್ಮ ಹುಡುಗಿಯರ ಸಾಲಿನ ನಡುವೆ ನುಸುಳುತ್ತಿದ್ದಳು, ಬಗ್ಗುತ್ತಿದ್ದಳು, ಕೈಗೆ ಸಿಕ್ಕಳು ಎನ್ನುವಷ್ಟರಲ್ಲಿ ಇನ್ನೊಂದು ಕಡೆ ಇರುತ್ತಿದ್ದಳು. ಬಯಲೇ ಹರಿದುಹೋಗುವಂಥ ಕೂಗು. ಅವಳು ನನ್ನ ಮುಂದಿನ ಕಂಬವನ್ನು ಹಿಡಿದು ತಿರುಗಿದಳು, ಥೇಟ್ ನನ್ನ ಮಗಳ ಹಾಗೆಯೇ. ನನಗೆ ರಕ್ತ ತಲೆಗೇರಿತು. ಅವಳು ಹಿಡಿದ ಕೆಲಸ ಊರಿಗೆಲ್ಲ ಗೊತ್ತು. ತವರಿಲ್ಲದ, ನೋಡಿಕೊಳ್ಳುವವರಿಲ್ಲದ ಹೆಂಗಸರಿಗೆ ಹೆರಿಗೆಯಾದ ಮೇಲೆ ಇಟ್ಟುಕೊಂಡು ಆರೈಕೆ ಮಾಡುವ ಬಾಣಂತಿ ಮನೆ ಅದು. ನಾನು ಎದ್ದು ನಿಂತು ಕೂಗಿದೆ: "ಊರಿಗೆಲ್ಲ ಬಾಣಂತನ ಮಾಡ್ತೀಯಲ್ಲೇ, ನಿನ್ನ ಬಾಣಂತನಕ್ಕೆ ಬಿಸಿನೀರು ಹಾಕೋಕೂ ಒಬ್ಬರಿಲ್ಲದ ಹಾಗಾಗ್ಲಿ!"

ಅಷ್ಟು ಗದ್ದಲದಲ್ಲಿ ಪಕ್ಕದಲ್ಲಿದ್ದ ನಮ್ಮ ಯಜಮಾನರಿಗೂ ಅದು ಕೇಳಿಸಲಿಲ್ಲ. ಮರುಕ್ಷಣವೇ ನಮ್ಮ ಹುಡುಗಿಯೊಬ್ಬಳು ಹಾರಿ ರುದ್ರಾಣಿಯ ಬೆನ್ನು ಮುಟ್ಟಿದಳು. ಬಂಡೆಕೇರಿ ಗೆದ್ದಿತು. ನಾನು ಕುಣಿದೆ. ಸುಳ್ಳು ಏಕೆ ಹೇಳಲಿ, ಸೀರೆ ಎತ್ತಿಕಟ್ಟಿ ಕುಣಿದೆ.

ಯಾರೋ ಬಾಯಿಗೆ ಜಿಲೇಬಿ ತುರುಕಿದರು. ಅಗಿದೆ. ಆಗ ವಾರಿಜಳ ನೆನಪಾಯಿತು. ಕುಣಿತ ಬಿಟ್ಟು ಮನೆ ಕಡೆ ನಡೆದೆ.

ಸಂಜೆ ಗೊಜ್ಜಿಗಿಟ್ಟು, ಪಕ್ಕದ ಮನೆಯ ಜೈನಬಿಯನ್ನು ಕರೆದೆ. ಅವಳು ಹುಟ್ಟಿದ್ದು ಹೊಳೆಕೇರಿಯಲ್ಲಿ, ಮದುವೆಯಾಗಿ ಇಪ್ಪತ್ತು ವರ್ಷವಾದರೂ ನಿಷ್ಠೆ ಬದಲಾಯಿಸಿಲ್ಲ. ಅತ್ತು ಕಣ್ಣು ಕೆಂಪಾಗಿದ್ದರೂ ಬಂದು ಅಂಗೈ ಚಾಚಿದಳು. "ಉಪ್ಪು ಸರಿಯಾಗಿದೆ ಪದ್ದಕ್ಕ. ಹುಳಿ ಒಂಚೂರು ಮುಂದು ಅನ್ಸುತ್ತೆ. ಬೆಲ್ಲ ಹಾಕಿದ್ರೆ ಸರಿಹೋಗುತ್ತೇನೋ" ಎಂದಳು. ಹಾಕಿದೆ. ಅವಳ ಬಾಯಿಗೆ ಸರಿಯಾಯಿತು. ವಾರಿಜ ಎರಡನೆಯ ತುತ್ತಿಗೇ ಬಚ್ಚಲಿಗೆ ಓಡಿದಳು. ಮಾರನೆಯ ದಿನ ಹಾಲಿನವನು ನೋಡಿದ, ಹೂವಿನವಳು ನೋಡಿದಳು, ಮೂವರೂ ಸೇರಿ ನನ್ನ ಒಲೆಯ ಮುಂದೆ ವಾದ ಮಾಡಿದರು. ಒಬ್ಬೊಬ್ಬರದು ಒಂದೊಂದು ಗೊಜ್ಜು. ಯಾವುದೂ ಮಗಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹೋಟೆಲಿನಲ್ಲಿ ಮಾತ್ರ ಯಾವ ತಕರಾರೂ ಇರಲಿಲ್ಲ. ಗಿರಾಕಿಗಳೆಲ್ಲ ನಮ್ಮ ಕೇರಿಯವರೇ. ಆ ಎರಡು ದಿನ ಹುಲ್ಲು ಬೇಯಿಸಿ ಹಾಕಿದ್ದರೂ ತಿಂದು ಹೋಗುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಎರಡು ಸೇರು ತುಪ್ಪ ತೆಗೆದುಕೊಂಡು ಬಾಣಂತಿ ಮನೆಗೆ ಹೋದೆ. ನಾನು ಆ ಕಡೆ ಕಾಲಿಟ್ಟವಳೇ ಅಲ್ಲ. ಉದ್ದನೆಯ ಹೆಂಚಿನ ಮನೆ. ಬಚ್ಚಲ ಹಂಡೆಯಲ್ಲಿ ನೀರು ಕಾಯುತ್ತಿತ್ತು, ಸಾಂಬ್ರಾಣಿ ಹೊಗೆ ಮನೆಯೆಲ್ಲ ತುಂಬಿತ್ತು. ಆರು ಮಂಚಗಳಲ್ಲಿ ಐದು ತುಂಬಿದ್ದವು. ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಹುಡುಗಿಯರಲ್ಲಿ ಒಬ್ಬಳಿಗಂತೂ ನನ್ನ ಮಗಳಿಗಿಂತ ಚಿಕ್ಕ ವಯಸ್ಸು. ಜಗುಲಿಯ ಮೇಲೆ ನಮ್ಮ ಕೇರಿಯವರು ಹತ್ತು ಹನ್ನೆರಡು ಮಂದಿ ಸಾಲಾಗಿ ಕೂತಿದ್ದರು. ರುದ್ರಾಣಿ ಒಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತ, ಒಬ್ಬೊಬ್ಬರ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ನಿನ್ನ ಮೂರು ಸಲ ಗೂಬೆ ಅಂದೆ ಕಣವ್ವ" ಎಂದು ಅಕ್ಕಿ ಅಂಗಡಿಯವನು ಮೂಟೆ ಇಳಿಸಿದ.

"ಮೂರೇ ಸಲವಾ? ಹೋದ ಸಲ ಏಳಿತ್ತಂತಲ್ಲ" ಎಂದು ಅವಳು ನಕ್ಕಳು. ಅವನೂ ನಕ್ಕ. ಅವಳು ಕೊಟ್ಟ ಒಂದು ಚೂರು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಬಂತು ಬಂತು" ಎಂದ.

ನನ್ನ ಸರದಿ ಬಂತು. ಅವಳು ನನ್ನನ್ನು ನೋಡಿ ಒಂದು ಕ್ಷಣ ತಟ್ಟುವುದನ್ನು ನಿಲ್ಲಿಸಿದಳು. "ಬನ್ನಿ ಪದ್ದಮ್ಮನೋರೆ" ಎಂದಳು. ಆ ಮಂಚಗಳ ಎದುರು, ಹೆಗಲ ಮೇಲೆ ಕೂಸಿಟ್ಟುಕೊಂಡು ನಿಂತವಳ ಎದುರು, ಅಷ್ಟು ಜನರ ಮುಂದೆ ಆ ಮಾತನ್ನು ಒಪ್ಪಿಸಲು ನನ್ನಿಂದಾಗಲಿಲ್ಲ. "ಕತ್ತೆ ಅಂದೆ" ಎಂದೆ.

"ಅಷ್ಟೇನಾ?"

"ಅಷ್ಟೇ."

ಅವಳು ತುಪ್ಪ ತೆಗೆದುಕೊಂಡು ಬೆಲ್ಲ ಕೊಟ್ಟಳು. ನಾನು ಬಾಯಿಗೆ ಹಾಕಿಕೊಂಡು, ಎಲ್ಲರ ಹಾಗೆ "ಬಂತು" ಎಂದು ಹೇಳಿ ಬೇಗ ಬೇಗ ಮೆಟ್ಟಿಲಿಳಿದೆ. ಬೆಲ್ಲ ಮಣ್ಣಾಗಿಯೇ ಇತ್ತು. ಬೀದಿಯ ತಿರುವಿನಲ್ಲಿ ಉಗಿದೆ.

ಸತ್ಯ ಹೇಳದಿದ್ದರೆ ರುಚಿ ಬರುವುದಿಲ್ಲ ಎಂದು ಈ ಊರಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತುಪ್ಪ ಒಳ್ಳೆಯ ತುಪ್ಪ, ಎರಡು ಸೇರು ಜಾಸ್ತಿಯೇ ಆಯಿತು, ಅದರಲ್ಲಿ ಸರಿಹೋಗಬಹುದು ಎಂಬ ಆಸೆ. ಬುಧವಾರ ವಾರಿಜ ಎದ್ದು ಕೂರಲಿಲ್ಲ. ಡಾಕ್ಟರು ಮನೆಗೇ ಬಂದು ಅವಳ ಕೈಯ ಚರ್ಮ ಜಿಗುಟಿ ನೋಡಿ ನನ್ನನ್ನು ಹೊರಗೆ ಕರೆದರು. "ನಾಳೆ ಸಂಜೆಯೊಳಗೆ ಏನಾದ್ರೂ ಹೊಟ್ಟೆಯಲ್ಲಿ ನಿಲ್ಲಬೇಕು ಪದ್ದಮ್ಮ. ಇಲ್ಲಾಂದ್ರೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ಮಗು ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ" ಎಂದರು.

ನಾನು ಒಳಗೆ ಹೋದಾಗ ವಾರಿಜ ಕಣ್ಣು ಬಿಟ್ಟುಕೊಂಡೇ ಇದ್ದಳು. "ಏನಂದೆ ಅಮ್ಮ ಅವಳಿಗೆ?" ಎಂದು ಕೇಳಿದಳು. ನಾನು ಅವಳ ಹೊದಿಕೆ ಸರಿಮಾಡಿದೆ. ಅವಳೇ ಮೆಲ್ಲಗೆ ಹೇಳಿದಳು: "ಅವತ್ತು ಅವಳು ನನ್ನ ಮುಟ್ಟಿದ್ದು ಆಟ. ಅವಳ ಜಾಗದಲ್ಲಿ ನಾನಿದ್ದಿದ್ರೂ ಹಾಗೇ ಹಾರ್ತಿದ್ದೆ. ಐದು ವರ್ಷದಿಂದ ಹೇಳ್ಬೇಕು ಅಂತಿದ್ದೆ, ನೀನು ಹೇಳೋಕೆಲ್ಲಿ ಬಿಡ್ತೀಯ?"

ಗುರುವಾರ ಬೆಳಿಗ್ಗೆ ಕೈಬೀಸಿಕೊಂಡೇ ಹೋದೆ. ಏನಾದರೂ ತೆಗೆದುಕೊಂಡು ಹೋಗಬೇಕೆಂಬ ಎಚ್ಚರವೂ ಇರಲಿಲ್ಲ. ಜಗುಲಿಯಲ್ಲಿ ಯಾರೂ ಇರಲಿಲ್ಲ. ರುದ್ರಾಣಿ ಒಳಗೆ ನೆಲದ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಮಲಗಿಸಿಕೊಂಡ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಅವಳ ಮುಂದೆ ಕೂತೆ.

"ಮೊನ್ನೆ ಸುಳ್ಳು ಹೇಳಿದೆ ಕಣೆ" ಎಂದು ಶುರುಮಾಡಿ, ಅಂದು ಕೂಗಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಹೇಳುತ್ತಿದ್ದಾಗ ಮಂಚದ ಮೇಲಿದ್ದ ಹುಡುಗಿಯೊಬ್ಬಳು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

ರುದ್ರಾಣಿ ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನನಗೆ ಅವತ್ತೇ ಕೇಳಿಸ್ತು ಅಮ್ಮ" ಎಂದಳು.

"ಅಷ್ಟು ಗಲಾಟೆಯಲ್ಲಿ?"

"ಕಂಬದ ಹತ್ತಿರವೇ ಇದ್ನಲ್ಲ. ಕಿವಿಗೆ ಬಿತ್ತು. ಒಂದು ಗಳಿಗೆ ಕಾಲು ನಿಂತೇಹೋಯ್ತು. ಅಷ್ಟರಲ್ಲಿ ನಿಮ್ಮ ಹುಡುಗಿ ಮುಟ್ಟಿದಳು."

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ನಾಲ್ಕು ವರ್ಷದ ಮೇಲೆ ಬಂದ ಗೆಲುವು, ಊರೆಲ್ಲ ಕುಣಿದ ಗೆಲುವು, ನನ್ನ ಆ ಮಾತಿನಿಂದ ಬಂದದ್ದು. "ಮೊನ್ನೆ ಕತ್ತೆ ಅಂದಾಗ ನೀನು ಯಾಕೆ ಸುಮ್ಮನಿದ್ದೆ? ಅಲ್ಲೇ ಕೇಳಬಾರದಿತ್ತಾ?" ಎಂದೆ.

"ನೀವೇ ಹೇಳ್ಬೇಕಲ್ವಾ? ನಾನು ಹೇಳಿಸಿದ್ರೆ ನಿಮ್ಮ ನಾಲಿಗೆಗೆ ಬರುತ್ತಾ? ನೀವು ಬಂದೇ ಬರ್ತೀರಿ ಅಂತ ದಿನಾ ಕಾಯ್ತಿದ್ದೆ. ವಾರಿಜ ಏನೂ ತಿನ್ತಿಲ್ಲ ಅಂತ ಜೈನಬಿ ಅಕ್ಕ ಹೇಳಿದ್ರು" ಎಂದಳು. ಕೂಸನ್ನು ಮಗ್ಗುಲಿಗೆ ಹೊರಳಿಸಿದಳು. "ಮತ್ತೆ ಅದರಲ್ಲಿ ಬೈಗುಳ ಏನಿದೆ ಅಮ್ಮ? ಇರೋದನ್ನೇ ಅಂದ್ರಿ. ನನ್ನ ಹೆತ್ತು ಒಂಬತ್ತನೇ ದಿನಕ್ಕೆ ನಮ್ಮಮ್ಮ ಹೋದಳಂತೆ, ನೋಡ್ಕೊಳ್ಳೋರು ಇರ್ಲಿಲ್ಲ. ನನ್ನನ್ನ ಸಾಕಿದ್ದು ಸೋದರತ್ತೆ, ಅವರೂ ಈಗಿಲ್ಲ. ಎಷ್ಟೋ ಸಲ ಈ ಆರನೇ ಮಂಚ ನೋಡಿ ನಾನೇ ಅಂದ್ಕೊಂಡಿದ್ದೀನಿ, ಇದು ನನಗೇ ಅಂತ."

ಅವಳು ಅದನ್ನು ದುಃಖಪಟ್ಟು ಹೇಳಲಿಲ್ಲ, ಹಂಡೆಯಲ್ಲಿ ನೀರು ಕಾದಿದೆ ಎಂದು ಹೇಳುವ ಹಾಗೆ ಹೇಳಿದಳು. ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಐವತ್ತು ದಾಟಿದ ಹೆಂಗಸು, ಕೇರಿಯೆಲ್ಲ ಕೂತಿರುವ ಹೋಟೆಲಿನಲ್ಲಿ ಸೌಟು ತೋರಿಸಿ ಗದರುವವಳು, ಅವಳ ಎಣ್ಣೆಗೈಯನ್ನು ಹಿಡಿದುಕೊಂಡು ಅತ್ತುಬಿಟ್ಟೆ. "ನಿನ್ನ ಬಾಣಂತನ ನಾನು ಮಾಡ್ತೀನಿ ಕಣೆ. ನೀನು ಮದುವೆ ಆಗು, ಯಾವಾಗ್ಲಾದ್ರೂ ಆಗು, ಏಳನೇ ತಿಂಗಳಿಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಕೈಯಲ್ಲಿ ಏನೂ ತಂದಿಲ್ಲ ನಾನು. ಇದನ್ನೇ ಕೊಡ್ತೀನಿ, ತಗೋ" ಎಂದೆ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ಕೆಳಗೆ ನೋಡುತ್ತ ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ಹಚ್ಚಿದಳು. ಕಡೆಗೆ, "ಮೊದ್ಲು ಹೋಗಿ ವಾರಿಜನಿಗೆ ಊಟ ಮಾಡ್ಸಿ ಅಮ್ಮ" ಎಂದಳು. ಆಗ ಮಂಚದ ಮೇಲೆ ಮುಖ ತಿರುಗಿಸಿಕೊಂಡಿದ್ದ ಹುಡುಗಿ ಎದ್ದು ಕೂತು, ತಟ್ಟೆಯಲ್ಲಿದ್ದ ಅಂಟಿನ ಉಂಡೆಯೊಂದನ್ನು ನನ್ನ ಕಡೆ ಚಾಚಿದಳು. ಬಾಣಂತಿಯರಿಗೆ ಮಾಡಿದ್ದು, ನಾನು ಕೊಟ್ಟ ತುಪ್ಪದಲ್ಲೇ ಇರಬೇಕು. ಕಚ್ಚಿದೆ. ಮೊದಲು ಬೆಲ್ಲ ಬಂತು, ಹಿಂದೆಯೇ ಒಣಕೊಬ್ಬರಿ, ಆಮೇಲೆ ತುಪ್ಪ. ಅಷ್ಟು ಸಿಹಿಯನ್ನು ನಾನು ಹಿಂದೆ ತಿಂದಿರಲಿಲ್ಲ. ಮುಂದೆಯೂ ತಿನ್ನಲಾರೆ ಅನಿಸುತ್ತದೆ.

ಮನೆಗೆ ಓಡಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಹುಣಸೆಹಣ್ಣು ನೆನೆಹಾಕಿ ಕಾಯುವಷ್ಟು ಪುರುಸೊತ್ತಿಲ್ಲದೆ ಬಿಸಿನೀರಲ್ಲಿ ಕಿವುಚಿದೆ. ಕುದಿಯುವಾಗ ಒಂದು ತೊಟ್ಟು ನಾಲಿಗೆಗೆ ಹಚ್ಚಿ ನೋಡಿದೆ. ಹುಳಿ ಚುರ್ರೆಂದಿತು. ಬೆಲ್ಲ ಹಾಕಿದೆ. ಇನ್ನೊಂದು ಚೂರು. ಉಪ್ಪು. ಸಾಕು ಎಂದಿತು ನಾಲಿಗೆ. ಅದು ಸಾಕು ಎಂದದ್ದಕ್ಕೆ ನಾನು ಒಲೆಯ ಮುಂದೆ ಕೈಮುಗಿದೆ. ವಾರಿಜಳನ್ನು ಗೋಡೆಗೆ ಒರಗಿಸಿ ಕೂರಿಸಿ ತುತ್ತು ಕೊಟ್ಟೆ. ಒಂದು, ಎರಡು, ಮೂರು. ಮೂರಕ್ಕೆ ನಿಲ್ಲಿಸಿ ಕಾದೆವು. ನಮ್ಮ ಯಜಮಾನರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಅರ್ಧ ಗಂಟೆಯಾಯಿತು. ವಾರಿಜ, "ಇನ್ನೂ ಇದೆಯಾ?" ಎಂದು ಕೇಳಿದಳು. ಅವರು ಅಲ್ಲಿಂದಲೇ ತಿರುಗಿ ಹಿತ್ತಲಿಗೆ ಹೋದರು. ಬಹಳ ಹೊತ್ತು ಸೌದೆ ಒಟ್ಟುವ ಸದ್ದು ಕೇಳಿಸುತ್ತಿತ್ತು.

ಆರು ತಿಂಗಳಿಗೆ ಮೊಮ್ಮಗಳು ಹುಟ್ಟಿದಳು. ಕೂಸನ್ನು ನೋಡಲು ರುದ್ರಾಣಿ ಬಂದಾಗ ಈ ಸಲ ನಾನು ಬಾಗಿಲಲ್ಲಿ ಅಡ್ಡ ನಿಲ್ಲಲಿಲ್ಲ. ಅವಳೂ ವಾರಿಜಳೂ ಆ ಕಂಬದ ಸುದ್ದಿಯನ್ನೇ ಎರಡು ಗಂಟೆ ಮಾತಾಡಿ ನಕ್ಕಿದ್ದನ್ನು ಅಡುಗೆ ಮನೆಯಿಂದ ಕೇಳಿದೆ. ಅದಾಗಿ ಎರಡು ವರ್ಷಕ್ಕೆ ರುದ್ರಾಣಿಗೆ ಮಗ್ಗದ ಕೆಲಸದ ಚಿಕ್ಕಣ್ಣನೊಂದಿಗೆ ಮದುವೆಯಾಯಿತು. ಅವನಿಗೂ ಹಿಂದೆ ಮುಂದೆ ಯಾರೂ ಇಲ್ಲ. ಬಸುರಿನ ಏಳನೆಯ ತಿಂಗಳಿಗೆ ನಾನು ಮಡಿಲಕ್ಕಿ ಕಟ್ಟಿಕೊಂಡು ಹೋಗಿ ನಿಂತಾಗ ಅವಳು ನಿಜಕ್ಕೂ ಬೆರಗಾದಳು. "ಅವತ್ತು ನಾಲಿಗೆಗೋಸ್ಕರ ಹೇಳಿದ್ರಿ ಅಂದ್ಕೊಂಡಿದ್ದೆ" ಎಂದಳು. "ಬಾಯಿ ಮುಚ್ಚಿಕೊಂಡು ಚೀಲ ತಗೊಂಡು ಬಾ" ಎಂದೆ. ಹೊಳೆಕೇರಿಯ ಆಟಗಾರ್ತಿಗೆ ಬಂಡೆಕೇರಿಯಲ್ಲಿ ಬಾಣಂತನವೇ ಎಂದು ನಮ್ಮ ಕೇರಿಯ ನಾಲ್ಕು ಮಂದಿ ಹೋಟೆಲಿಗೆ ಬಂದು ಕೇಳಿದರು. ಅವರಿಗೆ ಏನು ಹೇಳಬೇಕೋ ಅದನ್ನು ಹೇಳಿದೆ. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೋದರು.

ಈಗ ಅವಳ ಗಂಡುಕೂಸಿಗೆ ಹನ್ನೊಂದು ದಿನ. ಒಳಕೋಣೆಯಲ್ಲಿ ಮಲಗಿದ್ದಾಳೆ. ನಿನ್ನೆ ಪಂದ್ಯವಿತ್ತು. ನನ್ನ ಜೀವನದಲ್ಲಿ ಮೊದಲ ಸಲ ಪಂದ್ಯದ ದಿನ ನಾನು ಮನೆಯಲ್ಲಿದ್ದೆ. ತಾಯಿಗೂ ಕೂಸಿಗೂ ನೀರು ಹಾಕಿ, ಹೊಗೆ ಹಾಕಿ, ತಲೆಗೆ ಬಟ್ಟೆ ಕಟ್ಟಿ ಮಲಗಿಸುವಷ್ಟರಲ್ಲಿ ಎದುರು ಬಯಲಿನಲ್ಲಿ ಕೂಗು ಶುರುವಾಗಿತ್ತು. ಕಿಟಕಿಯಿಂದ ಎಲ್ಲವೂ ಕೇಳಿಸುತ್ತದೆ. ಏಳಬಾರದು ಎಂದು ಗದರಿ ಮಲಗಿಸಿದ್ದೆ. ಇವಳು ಮಲಗಿದಲ್ಲಿಂದಲೇ ನಮ್ಮ ಹುಡುಗಿಯರ ಹೆಸರು ಹಿಡಿದು ಏನೇನೋ ಗೊಣಗುತ್ತಿದ್ದಳು. ನಾನು ಕೇಳಿಸದವಳ ಹಾಗೆ ಮೆಣಸಿನ ಸಾರಿಗೆ ಬೆಳ್ಳುಳ್ಳಿ ಜಜ್ಜಿದೆ.

ಬಯಲಿನಲ್ಲಿ ಒಂದು ದೊಡ್ಡ ಕೂಗು ಎದ್ದು ಅಡಗಿತು. ಯಾವ ಕಡೆಯ ಕೂಗು ಎಂದು ನನಗೆ ತಿಳಿಯಲಿಲ್ಲ. ಮೆಣಸಿನ ಸಾರು ಅನ್ನ ಕಲಸಿ, ತುಪ್ಪ ಹಾಕಿ, ಅವಳನ್ನು ಒರಗಿಸಿ ಕೂರಿಸಿ ಮೊದಲ ತುತ್ತು ಬಾಯಿಗಿಟ್ಟೆ. ಅವಳು ಅಗಿದಳು. ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಗು ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ.

"ಏನೂ ಗೊತ್ತಾಗ್ತಿಲ್ಲ ಅಮ್ಮ. ಮಣ್ಣು ತಿಂದ ಹಾಗಿದೆ" ಎಂದಳು.

ಹೊಳೆಕೇರಿ ಗೆದ್ದಿತ್ತು. ಅಂದರೆ ನಾವು ಸೋತಿದ್ದೆವು. ಬಾಣಂತಿ, ತಿಂಗಳು ತುಂಬುವ ತನಕ ಹೊಸ್ತಿಲು ದಾಟುವ ಹಾಗಿಲ್ಲ, ಹೋಗಿ ಒಪ್ಪಿಸಿ ಬರುವ ಹಾಗಿಲ್ಲ. ಅಲ್ಲಿಯವರೆಗೆ ಅವಳಿಗೆ ಎಲ್ಲವೂ ಮಣ್ಣೇ. ನನಗೆ ಸೋತ ದುಃಖ ಬರಬೇಕಿತ್ತು, ಬರಲಿಲ್ಲ. ಇನ್ನೊಂದು ತುತ್ತು ಕಲಸಿ ಅವಳ ಬಾಯಿಯ ಹತ್ತಿರ ಹಿಡಿದೆ.

"ರುಚಿ ನಾನು ನೋಡಿದ್ದೀನಿ" ಎಂದೆ. "ನೀನು ತಿನ್ನು."